ಪೆಡಸು ಬೇರೆ, ಗಟ್ಟಿ ಬೇರೆ

ಸಾಮಿಲ್ಲಿನಿಂದ ಎರಡು ಮೂಟೆ ಹೊಟ್ಟು ತಂದಿದ್ದೀಯಂತೆ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಜೊತೆ ಬೆರೆಸಿ ಪ್ರಾಜೆಕ್ಟಿಗೆ ಹಲಗೆ ಮಾಡ್ತೀಯಂತೆ. ಸಂತೋಷ ಕಣಪ್ಪ. ಮೋಲ್ಡಿಂಗ್ ಶೆಡ್ಡಿನಲ್ಲೇ ತಲೆ ಬೆಳ್ಳಗಾದವನು ನಾನು. ಎರಡು ಮಾತು ಹೇಳ್ತೀನಿ, ಕೇಳಿಸಿಕೊ.

ಮೊದಲು ಹೊಟ್ಟು ಒಣಗಿಸು. ಮುಟ್ಟಿದರೆ ಗರಿಗರಿ ಅನ್ನಿಸಿದರೂ ಒಳಗೆ ನೂರಕ್ಕೆ ಐದರಿಂದ ಹತ್ತು ಪಾಲು ನೀರಿರುತ್ತೆ. ಮೋಲ್ಡಿಂಗ್ ಯಂತ್ರದ ಬ್ಯಾರೆಲ್ಲಿನ ಬಿಸಿಗೆ ಅದು ಆವಿಯಾದರೆ ಹಲಗೆಯ ತುಂಬ ಗುಳ್ಳೆ. 105 ಡಿಗ್ರಿ ಓವನ್ನಿನಲ್ಲಿಟ್ಟು, ತೂಕ ಇಳಿಯೋದು ನಿಂತ ಮೇಲೆ ತೆಗಿ. ಬ್ಯಾರೆಲ್ಲನ್ನು 200 ಡಿಗ್ರಿ ದಾಟಿಸಬೇಡ, ಮರ ಕಂದಿ ಸುಟ್ಟ ವಾಸನೆ ಹೊಡೆಯುತ್ತೆ. ಪಾಲಿಪ್ರೊಪಿಲೀನ್ 165ರ ಆಸುಪಾಸಿನಲ್ಲೇ ಕರಗೋದರಿಂದ ಇವೆರಡರ ಸಂಸಾರ ನಡೆಯುತ್ತೆ.

ಕಲಸೋವಾಗ ನಿಮ್ಮಜ್ಜಿ ಮುದ್ದೆ ತಿರುವೋದನ್ನ ನೆನೆಸಿಕೊ. ಗಂಟು ಉಳಿದರೆ ಮುದ್ದೆ ಕೆಟ್ಟಿತು. ಇಲ್ಲೂ ಅಷ್ಟೆ, ಹೊಟ್ಟು ಗಂಟಾಗಿ ಕೂತ ಜಾಗದಿಂದಲೇ ಬಿರುಕು ಹೊರಡುತ್ತೆ.

ಇನ್ನು ಮುಖ್ಯವಾದ ಮಾತು. ಹೊಟ್ಟು ಬೆರೆಸಿದ ತುಂಡನ್ನ ಮೊದಲ ಸಲ ಬಗ್ಗಿಸಿ ನೋಡಿದಾಗ ನಿನಗೆ ಖುಷಿಯಾಗುತ್ತೆ, ಅಷ್ಟು ಪೆಡಸಾಗಿರುತ್ತೆ. ಅಲ್ಲೇ ಮೋಸಹೋಗೋದು. ನಾನೂ ಹೋಗಿದ್ದೆ. ಹೊಸದರಲ್ಲಿ ಒಬ್ಬ ಗಿರಾಕಿಗೆ ಕ್ರೇಟ್ ಮಾಡಿಕೊಟ್ಟೆ. ಕೈಯಲ್ಲಿ ಹಿಡಿದರೆ ಅಲುಗಲಿಲ್ಲ. ಲಾರಿಯಿಂದ ಇಳಿಸೋವಾಗ ಒಂದು ಜಾರಿಬಿತ್ತು, ಕೋಡುಬಳೆ ಮುರಿದ ಹಾಗೆ ಮುರೀತು.

ಅಮೆರಿಕದ ಮ್ಯಾಡಿಸನ್ನಿನ ಅರಣ್ಯೋತ್ಪನ್ನ ಪ್ರಯೋಗಾಲಯದವರ ಲೆಕ್ಕ ಇದೆ, ಗುರುತು ಹಾಕಿಕೊ. ಬರೀ ಪಾಲಿಪ್ರೊಪಿಲೀನಿನ ಪೆಡಸು 1.5 ಗಿಗಾಪ್ಯಾಸ್ಕಲ್. ನೂರಕ್ಕೆ 40 ಪಾಲು ಮರದ ಪುಡಿ ಹಾಕಿದರೆ 3.9. ಎಳೆದು ಹರಿಯೋ ಬಲ ಮಾತ್ರ 28.5 ಮೆಗಾಪ್ಯಾಸ್ಕಲ್ಲಿನಿಂದ 25.4ಕ್ಕೆ ಇಳೀತು. ಹೊಡೆತ ತಾಳೋ ಶಕ್ತಿಯಂತೂ ಐಜೋಡ್ ಪರೀಕ್ಷೆಯಲ್ಲಿ ಮೀಟರಿಗೆ 656 ಜೂಲಿನಿಂದ 73ಕ್ಕೆ ಬಿತ್ತು. ಇದು ಕಚ್ಚು ಹಾಕದ ತುಂಡಿನ ಲೆಕ್ಕ. ಕಚ್ಚು ಹಾಕಿದ ತುಂಡಿನಲ್ಲಿ 21 ಇದ್ದದ್ದು 22 ಆಯಿತು! ಈ ಒಂದೇ ಅಂಕಿ ತೋರಿಸಿ ‘ಏನೂ ಕಮ್ಮಿಯಾಗಿಲ್ಲ’ ಅಂತ ಸಾಧಿಸಿಬಿಡಬಹುದು. ಕಚ್ಚು ಹಾಕಿದಾಗ ಬಿರುಕನ್ನ ನಾವೇ ಶುರುಮಾಡಿಕೊಟ್ಟ ಹಾಗೆ. ಕಚ್ಚಿಲ್ಲದ ತುಂಡಿನಲ್ಲಿ ಅದು ಹುಟ್ಟಬೇಕು, ಆ ಕೆಲಸ ಹೊಟ್ಟಿನ ಕಣಗಳು ಸಲೀಸು ಮಾಡಿಕೊಡ್ತವೆ.

ಮರಕ್ಕೆ ನೀರು ಇಷ್ಟ, ಪ್ಲಾಸ್ಟಿಕ್ಕಿಗೆ ಆಗಲ್ಲ, ಹಾಗಾಗಿ ಎರಡೂ ಅಂಟಿಕೊಳ್ಳಲ್ಲ. ನಡುವೆ ದಲ್ಲಾಳಿ ಬೇಕು. ಮೆಲೆಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಪ್ರೊಪಿಲೀನ್ ನೂರಕ್ಕೆ ಮೂರು ಪಾಲು ಸಾಕು. ಒಂದು ತುದಿ ಮರವನ್ನ ಹಿಡಿಯುತ್ತೆ, ಬಾಲ ಪ್ಲಾಸ್ಟಿಕ್ಕಿಗೆ ಹೆಣೆದುಕೊಳ್ಳುತ್ತೆ. ಆಗ ಎಳೆದು ಹರಿಯೋ ಬಲ 25.4 ಇದ್ದದ್ದು 32 ದಾಟುತ್ತೆ. ಪುಡಿಯ ಬದಲು ನಾರೇ ಹಾಕಿದರೆ 52. ಗೋಡೆಯ ಮಣ್ಣಿಗೆ ನಮ್ಮ ಹಿರಿಯರು ಹುಲ್ಲು ಕತ್ತರಿಸಿ ಹಾಕ್ತಿದ್ದರೇ ಹೊರತು ಪುಡಿಮಾಡಿ ಹಾಕ್ತಿರಲಿಲ್ಲ, ನೆನಪಿರಲಿ. ಆದರೂ ಪುಡಿಯ ಹಲಗೆಯ ಹೊಡೆತ ತಾಳೋ ಶಕ್ತಿ 78ಕ್ಕೇ ನಿಂತಿತು. ದಲ್ಲಾಳಿಯಿಂದ ಎಲ್ಲವೂ ವಾಪಸ್ ಬರಲ್ಲ.

ಅದಕ್ಕೇ ಹೇಳೋದು, ರಿಪೋರ್ಟಿನಲ್ಲಿ ಎಲ್ಲ ಅಂಕಿಗಳನ್ನೂ ಬರಿ, ಇಳಿದದ್ದನ್ನ ಮೊದಲು ಬರಿ. ಅವನ್ನ ನೋಡಿದರೆ ಈ ಮಾಲು ಬಾಗಿಲ ಪಟ್ಟಿಗೆ, ಜಗಲಿಯ ಹಾಸುಹಲಗೆಗೆ ಆಗುತ್ತೆ, ಎತ್ತಿ ಎಸೆಯೋ ಕ್ರೇಟಿಗೆ ಆಗಲ್ಲ ಅಂತ ತಾನಾಗೇ ಗೊತ್ತಾಗುತ್ತೆ. ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲಿ ಇದೇ ಕೆಲಸ ಮಾಡಿದವರಿದ್ದಾರೆ, ಒಂದು ದಿನ ಹೋಗಿ ಕೇಳು. ಹಲಗೆ ಆದ ಮೇಲೆ ನಮ್ಮನೆಗೂ ಒಂದು ತಾ. ಬಗ್ಗಿಸಿ ನೋಡಲ್ಲ ನಾನು, ಮಹಡಿಯಿಂದ ಕೆಳಕ್ಕೆ ಬಿಟ್ಟು ನೋಡ್ತೀನಿ.