ಬರದ ವರ್ಷದ ಲೆಕ್ಕ

ಷೇರುಪೇಟೆಯು ಕುಸಿದಾಗಲೆಲ್ಲ ಹಿತೈಷಿಗಳ ಬಾಯಿಂದ ತಪ್ಪದೆ ಹೊರಡುವ ಸಾಂತ್ವನದ ಮಾತೊಂದುಂಟು: ಇಂದು ಬಿದ್ದ ಪೇಟೆ ನಾಳೆ ಏಳುತ್ತದೆ, ಆದುದರಿಂದ ಅಗ್ಗವಾಗಿ ದೊರೆತುದನ್ನು ಕೊಂಡು ಸುಮ್ಮನಿರತಕ್ಕದ್ದು. ಈ ಮಾತಿನ ಪೂರ್ವಾರ್ಧವನ್ನು ಇತಿಹಾಸವು ಈವರೆಗೆ ಸಮರ್ಥಿಸಿಕೊಂಡು ಬಂದಿದೆ. ಉತ್ತರಾರ್ಧಕ್ಕೆ ಅದು ಸಾಕ್ಷಿ ನುಡಿಯುವುದಿಲ್ಲ. 2008ರ ಜನವರಿಯಲ್ಲಿ 21,000ವನ್ನು ದಾಟಿದ್ದ ಸೆನ್ಸೆಕ್ಸ್ ಸೂಚ್ಯಂಕವು 2009ರ ಮಾರ್ಚ್ ತಿಂಗಳಲ್ಲಿ 8,160ಕ್ಕೆ ಇಳಿದು, 2010ರ ದೀಪಾವಳಿಯ ಹೊತ್ತಿಗೆ ಮತ್ತೆ ಅದೇ 21,000ದ ಎತ್ತರಕ್ಕೆ ಬಂದು ನಿಂತುದನ್ನು ಕಂಡವರು, ಮೂರು ವರ್ಷ ತಾಳಿಕೊಂಡವರಿಗೆಲ್ಲ ನಷ್ಟ ತುಂಬಿಬಂದಿತೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದೇ 2008ರಲ್ಲಿ ಸೂಚ್ಯಂಕದ ಮೂವತ್ತು ಕಂಪನಿಗಳ ಪಂಕ್ತಿಯಲ್ಲಿಯೇ ಕುಳಿತಿದ್ದ ರಿಲಯನ್ಸ್ ಕಮ್ಯುನಿಕೇಶನ್ಸ್ 2019ರ ಹೊತ್ತಿಗೆ ದಿವಾಳಿ ಪ್ರಕ್ರಿಯೆಯ ಪಾಲಾಯಿತು. ಜೈಪ್ರಕಾಶ್ ಅಸೋಸಿಯೇಟ್ಸ್ 2024ರಲ್ಲಿ ಅದೇ ಬಾಗಿಲನ್ನು ತಟ್ಟಿತು. ಸತ್ಯಂ ಕಂಪ್ಯೂಟರ್ಸಿನ ಸುಳ್ಳು ಲೆಕ್ಕವು 2009ರ ಜನವರಿ 7ರಂದು ಬಯಲಾದುದನ್ನು ಮರೆತವರಿಲ್ಲ. ಪೇಟೆ ಎದ್ದಿತು, ಇವು ಏಳಲಿಲ್ಲ. ಸೂಚ್ಯಂಕವಾದರೋ ಬಿದ್ದವರನ್ನು ಹೊರಗೆ ಕಳುಹಿಸಿ, ಬೆಳೆಯುತ್ತಿರುವವರನ್ನು ಒಳಗೆ ಕರೆದುಕೊಂಡು ತನ್ನ ಮೈಯನ್ನು ತಾನೇ ಶುದ್ಧಿ ಮಾಡಿಕೊಳ್ಳುತ್ತದೆ. ನಮ್ಮ ಡಿಮ್ಯಾಟ್ ಖಾತೆಗೆ ಅಂತಹ ಏರ್ಪಾಡಿಲ್ಲ, ಅಲ್ಲಿ ಬಿದ್ದುದು ಬಿದ್ದಲ್ಲಿಯೇ ಇರುತ್ತದೆ.

ಹಾಗಾದರೆ ಇಳಿದ ಪೇಟೆಯಲ್ಲಿ ಹತ್ತಾರು ವರ್ಷದ ಬೆಳವಣಿಗೆಗೆಂದು ಕಂಪನಿಯನ್ನು ಆರಿಸುವುದೆಂತು? ಈ ವಿಷಯದಲ್ಲಿ ನನಗೆ ದಾರಿ ತೋರಿದುದು ಅರ್ಥಶಾಸ್ತ್ರದ ಗ್ರಂಥವಲ್ಲ, ನಮ್ಮ ಊರಾದ ಕೋಟುಮಚಗಿಯ ಎರೆಹೊಲ. ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಶಾಸನದಲ್ಲಿ ವಿದ್ಯಾದಾನಕ್ಕಾಗಿ ಭೂಮಿಯನ್ನು ವೃತ್ತಿಯಾಗಿ ಬಿಟ್ಟುಕೊಟ್ಟ ಸಂಗತಿ ದಾಖಲಾಗಿರುವ ಊರು ಇದು. ತಲೆಮಾರುಗಳ ಮೇಲೆ ದೃಷ್ಟಿಯಿಟ್ಟು ಆಸ್ತಿಯನ್ನು ತೂಗುವ ಅಭ್ಯಾಸ ಇಲ್ಲಿ ಹೊಸತೇನಲ್ಲ. ನಮ್ಮ ಹಿರಿಯರು ಹೊಲವನ್ನು ಕೊಳ್ಳಲು ಹೊರಟರೆ ಸುಗ್ಗಿಯ ವರ್ಷದ ಇಳುವರಿಯನ್ನು ವಿಚಾರಿಸುತ್ತಿರಲಿಲ್ಲ. ಮಳೆ ಚೆನ್ನಾಗಿ ಹಿಡಿದ ವರ್ಷ ಕೆಂಪು ಮಣ್ಣಿನ ಮಸಾರಿಯೂ ಹಸಿರಾಗಿರುತ್ತದೆ, ಕಪ್ಪು ಮಣ್ಣಿನ ಎರೆಯೂ ಹಸಿರಾಗಿರುತ್ತದೆ. ರಸ್ತೆಯ ಮೇಲೆ ನಿಂತು ನೋಡುವವನಿಗೆ ಎರಡಕ್ಕೂ ಭೇದ ತಿಳಿಯದು. ಮಳೆ ಕೈಕೊಟ್ಟ ಮೇಲೆ, ಎರೆಯು ತನ್ನ ಒಡಲಲ್ಲಿ ಹಿಡಿದಿಟ್ಟ ತೇವದ ಮೇಲೆಯೇ ಹಿಂಗಾರಿಯ ಜೋಳ, ಕಡಲೆ, ಕುಸುಬೆಗಳನ್ನು ಕಾಳುಕಟ್ಟಿಸುವಾಗ, ಮಸಾರಿಯು ಒಣಗಿ ಬಣ್ಣಗೆಡುತ್ತದೆ. ಆದುದರಿಂದ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಬರಾ ಬಿದ್ದಾಗ ಈ ಹೊಲ ಎಷ್ಟ ಚೀಲಾ ಜ್ವಾಳಾ ಕೊಟ್ಟಿತ್ತು?”

ಕಂಪನಿಗಳ ವಿಷಯದಲ್ಲಿಯೂ ನಾನು ಕೇಳುವುದು ಇದನ್ನೇ. ಶಾಲೆಯಲ್ಲಿ ಗಣಿತವನ್ನು ಬೋಧಿಸಿಕೊಂಡಿದ್ದ ನನಗೆ ಷೇರಿನ ಪರಿಚಯವು ಲಾಭದ ಆಸೆಗಿಂತ ಹೆಚ್ಚಾಗಿ ಲೆಕ್ಕದ ಕುತೂಹಲದಿಂದ ಆದುದು. 2008ರ ಕುಸಿತದ ಕಾಲಕ್ಕೆ ಅಂಚೆಯಲ್ಲಿ ಬರುತ್ತಿದ್ದ ದಪ್ಪನೆಯ ವಾರ್ಷಿಕ ವರದಿಗಳನ್ನು, ಮುಂದಿನ ಬಣ್ಣದ ಪುಟಗಳನ್ನೂ ಅಧ್ಯಕ್ಷರ ಆಶಾವಾದವನ್ನೂ ದಾಟಿ, ಹಿಂದಿನಿಂದ ಓದುವ ಪದ್ಧತಿಯನ್ನು ಇಟ್ಟುಕೊಂಡೆ. ಸಾಲವೆಷ್ಟು, ಆ ಸಾಲದ ಬಡ್ಡಿಯನ್ನು ಕೆಟ್ಟ ವರ್ಷದ ಆದಾಯದಲ್ಲಿಯೂ ತೀರಿಸಲು ಬರುತ್ತದೆಯೇ, ಕಾಗದದ ಮೇಲೆ ತೋರಿಸಿದ ಲಾಭವು ರೊಕ್ಕವಾಗಿ ಪೆಟ್ಟಿಗೆಗೆ ಬಂದಿದೆಯೇ ಅಥವಾ ಉದ್ರಿಯಾಗಿ ಗಿರಾಕಿಗಳ ಬಳಿಯಲ್ಲಿಯೇ ಉಳಿದಿದೆಯೇ, ಹಿಂದಿನ ಮಾಂದ್ಯದಲ್ಲಿ ಲಾಭಾಂಶವನ್ನು ನಿಲ್ಲಿಸಿದ್ದರೇ ಎಂಬಿವನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಸತ್ಯಂ ಪ್ರಕರಣದ ಬಳಿಕ, 2009ರಲ್ಲಿ, ಪ್ರವರ್ತಕರು ತಮ್ಮ ಷೇರುಗಳನ್ನು ಅಡವಿಟ್ಟಿದ್ದರೆ ಅದನ್ನು ಪ್ರಕಟಿಸಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ವಿಧಿಸಿತು. ಅಂದಿನಿಂದ ಆ ಅಂಕಿಯೂ ನನ್ನ ಪುಸ್ತಕಕ್ಕೆ ಸೇರಿತು. ಮನೆಯ ಯಜಮಾನನೇ ಮನೆಯ ಪತ್ರವನ್ನು ಅಡವಿಟ್ಟಿರುವಾಗ ಅಲ್ಲಿ ಪಾಲುದಾರನಾಗಲು ನಾನೇಕೆ ಹೋಗಬೇಕು?

ಕಣ್ಣಿಗೆ ಕಾಣುವ ವೈಭವವನ್ನು ನಂಬುವವರಿಗೆ ನಮ್ಮ ಜಿಲ್ಲೆಯಲ್ಲಿಯೇ ಪಾಠವೊಂದಿದೆ. ನಮ್ಮ ಜನ ‘ಫ್ಯಾನು’ ಎಂದೇ ಕರೆಯುವ ಗಾಳಿಯಂತ್ರಗಳು ಕಪ್ಪತಗುಡ್ಡದ ಸಾಲಿನ ಮೇಲೆ ಎದ್ದು ನಿಂತ ವರ್ಷಗಳಲ್ಲಿ, ಅವನ್ನು ನಿರ್ಮಿಸುವ ಸುಜ್ಲಾನ್ ಕಂಪನಿಯ ಹೆಸರು ಗದಗಿನ ಚಹಾದಂಗಡಿಗಳಲ್ಲಿ ಕೂಡ ಕೇಳಿಬರುತ್ತಿತ್ತು. 2005ರಲ್ಲಿ 510 ರೂಪಾಯಿಗೆ ಸಾರ್ವಜನಿಕರಿಗೆ ನೀಡಲ್ಪಟ್ಟ ಆ ಷೇರು, 2008ರ ಜನವರಿಯಲ್ಲಿ ಒಂದು ಐದಾಗಿ ವಿಭಜನೆಗೊಂಡ ಕಾಲದಲ್ಲಿ, ವಿಭಜಿತ ಷೇರೊಂದಕ್ಕೇ 400 ರೂಪಾಯಿಯನ್ನು ಮೀರಿತ್ತು. ಗಾಳಿ ಬೀಸುವುದು ನಿಲ್ಲಲಿಲ್ಲ, ವಿದ್ಯುತ್ತಿನ ಬೇಡಿಕೆ ಕುಗ್ಗಲಿಲ್ಲ; ಆದರೂ ಜರ್ಮನಿಯ ರೀಪವರ್ ಕಂಪನಿಯನ್ನು ಕೊಂಡುದೂ ಮೊದಲಾದ ವಿಸ್ತರಣೆಗಳಿಗಾಗಿ ಹೊತ್ತ ಸಾಲವು ಮಾಂದ್ಯದ ವರ್ಷಗಳಲ್ಲಿ ಹೆಗಲನ್ನು ಮುರಿಯಿತು. 2012ರ ಅಕ್ಟೋಬರಿನಲ್ಲಿ ವಿದೇಶಿ ಪರಿವರ್ತನೀಯ ಸಾಲಪತ್ರಗಳ ಹಣವನ್ನು ಹಿಂದಿರುಗಿಸಲಾಗದೆ ಹೋಯಿತು. 2020ರ ಮಾರ್ಚಿನಲ್ಲಿ ಷೇರಿನ ಬೆಲೆ ಎರಡು ರೂಪಾಯಿಯ ಆಸುಪಾಸಿನಲ್ಲಿತ್ತು. ಆ ವರ್ಷ ಸಾಲ ಕೊಟ್ಟವರೊಡನೆ ಪುನರ್ವ್ಯವಸ್ಥೆಯಾಗಿ, ಕ್ರಮೇಣ ಸಾಲ ಹಗುರವಾದ ಮೇಲೆ, 2024ರಲ್ಲಿ ಬೆಲೆಯು 80 ರೂಪಾಯಿಯನ್ನು ದಾಟಿದುದೂ ನಿಜವೇ. ಎರಡು ರೂಪಾಯಿಗೆ ಕೊಂಡವನು ಭಾಗ್ಯಶಾಲಿಯಲ್ಲವೇ ಎಂದು ಕೇಳುವವರುಂಟು. ಹೌದು, ಭಾಗ್ಯಶಾಲಿಯೇ, ಆದರೆ ಭಾಗ್ಯವನ್ನು ಕಲಿಸಲು ಬರುವುದಿಲ್ಲ, ಮೇಲಾಗಿ 2008ರಲ್ಲಿ ಕೊಂಡು ನಿಷ್ಠೆಯಿಂದ ಹದಿನಾರು ವರ್ಷ ಕಾದವನಿಗೆ ಆ 80 ರೂಪಾಯಿ ಯಾವ ಸಮಾಧಾನವನ್ನು ಕೊಟ್ಟೀತು? ಉದ್ಯಮವು ಬೆಳೆಯುತ್ತದೆ ಎಂಬುದು ಒಂದು ಮಾತು, ಆ ಉದ್ಯಮದ ಪಾಲುದಾರನು ಬೆಳೆಯುತ್ತಾನೆ ಎಂಬುದು ಮತ್ತೊಂದು. ಇವೆರಡರ ನಡುವೆ ಸಾಲವು ಕುಳಿತಿರುತ್ತದೆ.

ಇದಕ್ಕೆ ಪ್ರತಿಯಾಗಿ ಇನ್ಫೋಸಿಸಿನ ಉದಾಹರಣೆಯನ್ನು ಕೊಡುವುದು ಸವೆದುಹೋದ ಹಾದಿಯೆಂದು ನಾನು ಬಲ್ಲೆ. ಆದರೂ ಅದರಲ್ಲಿ ಜನ ಎತ್ತಿ ಆಡದ ಭಾಗವೊಂದಿದೆ. 1993ರಲ್ಲಿ 95 ರೂಪಾಯಿಯಂತೆ ನೀಡಿದ ಷೇರುಗಳನ್ನು ಕೊಳ್ಳುವವರು ಸಾಲದೆ, ಉಳಿದುದನ್ನು ಮಾರ್ಗನ್ ಸ್ಟ್ಯಾನ್ಲಿ ಎಂಬ ವಿದೇಶೀ ಸಂಸ್ಥೆ ಕೊಂಡಿತು. ಅಂದು 9,500 ರೂಪಾಯಿ ಕೊಟ್ಟು ನೂರು ಷೇರುಗಳನ್ನು ಪಡೆದವನ ಕೈಯಲ್ಲಿ, ಬೋನಸ್ಸು ವಿಭಜನೆಗಳೆಲ್ಲ ಸೇರಿ, 2018ರ ಹೊತ್ತಿಗೆ 1,02,400 ಷೇರುಗಳಿದ್ದವು. ಈ ಲೆಕ್ಕವನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. 2000ದ ಮಾರ್ಚಿನ ಶಿಖರದಿಂದ ಆ ಷೇರು ಉರುಳಿಬಿದ್ದುದನ್ನೂ, ಸಾಲದುದಕ್ಕೆ 2003ರ ಏಪ್ರಿಲಿನಲ್ಲಿ ಮುಂದಿನ ವರ್ಷದ ಗಳಿಕೆಯ ಬಗೆಗೆ ಕಂಪನಿಯು ಸಂಕೋಚದ ಮಾತನ್ನಾಡಿದ ಒಂದೇ ಕಾರಣಕ್ಕೆ ಒಂದೇ ದಿನದಲ್ಲಿ ಕಾಲುಭಾಗಕ್ಕೂ ಮಿಗಿಲಾಗಿ ಕುಸಿದುದನ್ನೂ ಹೇಳುವವರು ವಿರಳ. ಆ ದಿನ ಅದರ ಲೆಕ್ಕಪತ್ರವನ್ನು ತೆರೆದು ನೋಡಿದ್ದವನಿಗೆ ಕಾಣುತ್ತಿದ್ದುದು ಏನು? ಬ್ಯಾಂಕಿನ ಸಾಲವಿಲ್ಲ, ಕೈಯಲ್ಲಿ ನಗದಿದೆ, ಬೆಳವಣಿಗೆಯ ವೇಗ ತಗ್ಗಿದೆಯೇ ಹೊರತು ಬೆಳವಣಿಗೆ ನಿಂತಿಲ್ಲ. ಮರುವರ್ಷವೇ ಒಂದಕ್ಕೆ ಮೂರರಂತೆ ಬೋನಸ್ಸನ್ನು ಕೊಟ್ಟಿತು. ಬೆಲೆಯ ಪತನವೂ ಕಂಪನಿಯ ಪತನವೂ ಬೇರೆಬೇರೆಯಾಗಿ ನಿಂತಿರುವ ಇಂತಹ ದಿನಗಳನ್ನೇ ದೀರ್ಘಕಾಲದ ಹೂಡಿಕೆದಾರನು ಕಾದಿರಬೇಕಾದುದು.

ಮತ್ತೊಂದು ಕುಸಿತದಲ್ಲಿ, ಎಂದರೆ 2024ರ ಸೆಪ್ಟೆಂಬರಿನಲ್ಲಿ 86,000ದ ಹತ್ತಿರಕ್ಕೆ ಹೋಗಿದ್ದ ಸೆನ್ಸೆಕ್ಸ್ 2025ರ ಮಾರ್ಚಿನಲ್ಲಿ 73,000ದ ಸುತ್ತ ಸುಳಿದಾಡುತ್ತಿದ್ದಾಗ, ನನ್ನ ತಂಗಿಯ ಮಗನು ಹುಬ್ಬಳ್ಳಿಯಿಂದ ಫೋನು ಮಾಡಿ, “ಮಾಮಾ, ಎಲ್ಲಾ ಸೋವಿ ಆಗ್ಯಾವ್ರೀ, ಯಾವ್ಯಾವ ತಗೋಬೇಕು ಹೇಳ್ರೀ” ಎಂದನು. “ಇಳದದ್ದೆಲ್ಲಾ ಸೋವಿ ಅಲ್ಲೋ ತಮ್ಮಾ, ರೊಕ್ಕಾ ಎಲ್ಲೀದು ಅನ್ನೂದು ಮೊದಲ ಹೇಳು” ಎಂದೆ. ಆ ಪ್ರಶ್ನೆಗೆ ಅವನು ಸ್ವಲ್ಪ ಹಿಂಜರಿದನು. ಮನೆಯ ಹೊಲದ ಮೇಲೆ ಸಹಕಾರ ಸಂಘದಿಂದ ದೊರೆಯುವ ಶೂನ್ಯ ಬಡ್ಡಿಯ ಬೆಳೆಸಾಲವನ್ನು ತಂದೆಯ ಹೆಸರಿನಲ್ಲಿ ಎತ್ತಿ ಷೇರಿಗೆ ಹಾಕುವ ಆಲೋಚನೆ ಅವನದಾಗಿತ್ತು. ಬಡ್ಡಿಯಿಲ್ಲದ ಹಣವೆಂದ ಮೇಲೆ ನಷ್ಟವೆಲ್ಲಿಂದ ಬಂದೀತೆಂಬುದು ಅವನ ತರ್ಕ. ರಾಜ್ಯ ಸರ್ಕಾರವು 2023ರಲ್ಲಿ ಆ ಸಾಲದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ ಬಳಿಕ ಇಂತಹ ತರ್ಕವನ್ನು ನಾನು ಇತರರಿಂದಲೂ ಕೇಳಿದ್ದೇನೆ. ಬಡ್ಡಿ ಶೂನ್ಯವಾದರೂ ಅವಧಿಯು ಶೂನ್ಯವಲ್ಲವಷ್ಟೆ! ವರ್ಷ ತುಂಬುವುದರೊಳಗೆ ತೀರಿಸಬೇಕಾದ ಹಣದಿಂದ, ಹತ್ತು ವರ್ಷ ಕಾಯಬೇಕಾದ ವಸ್ತುವನ್ನು ಕೊಂಡವನು, 2008ರಂತೆ ಪೇಟೆ ಮೂರು ವರ್ಷ ಮಲಗಿದರೆ, ಕನಿಷ್ಠ ಬೆಲೆಗೆ ಮಾರಿಯೇ ತೀರಬೇಕಾಗುತ್ತದೆ. ಏಷ್ಯದಲ್ಲಿಯೇ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದುದನ್ನು 1905ರಲ್ಲಿ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸ್ಥಾಪಿಸಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು, ಬಿತ್ತನೆಗೆಂದು ಎತ್ತಿದ ಸಾಲವು ದಲಾಲ್ ಸ್ಟ್ರೀಟಿಗೆ ಹೋಗುವುದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ! ಅಳಿಯನಿಗೆ ನಾನು ಹೇಳಿದುದಿಷ್ಟೆ: ಸಾಲವಿರುವ ಕಂಪನಿ ಬೇಡವೆಂದು ಹೇಳುವ ನಾನು, ಸಾಲ ಮಾಡಿ ಕೊಳ್ಳುವ ಗಿರಾಕಿಯನ್ನು ಹೇಗೆ ಒಪ್ಪಲಿ?

ಸಂಬಳದಲ್ಲಿ ಉಳಿಸಿದ ಹಣವಿದ್ದು, ವರದಿಗಳನ್ನು ಓದುವ ವ್ಯವಧಾನವಿಲ್ಲದವರಿಗೆ ಸೂಚ್ಯಂಕ ನಿಧಿಯಲ್ಲಿ ತಿಂಗಳು ತಿಂಗಳು ಹಾಕುತ್ತ ಹೋಗುವುದೇ ಲೇಸು. ಈ ಮಾತಿಗೆ ಹೆಚ್ಚಿನ ವ್ಯಾಖ್ಯಾನ ಬೇಡ. ಓದುವವರಿಗೆ ಮಾತ್ರ ಇನ್ನೊಂದು ಸೂಚನೆ: ಕಾಗದದಲ್ಲಿ ಕಾಣದುದು ಕೆಲವೊಮ್ಮೆ ಅಂಗಡಿಯ ಕಟ್ಟೆಯ ಮೇಲೆ ಕಾಣುತ್ತದೆ. ನಾನು ಬಣ್ಣದ ಕಂಪನಿಯೊಂದರ ಷೇರನ್ನು ಕೊಳ್ಳುವ ಮುನ್ನ ಗದಗಿನ ಪರಿಚಯದ ಅಂಗಡಿಯವರನ್ನು ಕೇಳಿದ್ದೆ. ಮನೆ ಕಟ್ಟುವವರು ಕಡಿಮೆಯಾದ ಆ ವರ್ಷದಲ್ಲಿಯೂ ಗಿರಾಕಿಗಳು ಅದರ ಹೆಸರನ್ನೇ ಹಿಡಿದು ಕೇಳುತ್ತಾರೆಂದೂ, ಕಂಪನಿಯವರು ಉದ್ರಿ ಕೊಡುವುದು ಬಲು ಬಿಗಿಯೆಂದೂ ಅವರು ಗೊಣಗಿದರು. ಅಂಗಡಿಯವರಿಗೆ ದೂರಾಗಿದ್ದುದು ಪಾಲುದಾರನಿಗೆ ಯೋಗ್ಯತಾಪತ್ರವಾಗಿತ್ತು. ಹಾಗೆಯೇ, 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ವಿಜಯ ಸಂಕೇಶ್ವರರು ಆರಂಭಿಸಿದ ವಿಆರ್‌ಎಲ್ 2015ರಲ್ಲಿ 205 ರೂಪಾಯಿಗೆ ಷೇರನ್ನು ನೀಡಿದಾಗ ನಮ್ಮ ಕಡೆಯ ಎಷ್ಟೋ ಜನರಿಗೆ ಅದು ಮನೆಯ ಕಂಪನಿಯೆಂದೇ ತೋರಿತು. ಈ ಅಭಿಮಾನವು ಸಹಜವಾದುದು, ಓದುವುದಕ್ಕೆ ಪ್ರೇರಣೆಯಾಗುವುದಾದರೆ ಉಪಯುಕ್ತವೂ ಹೌದು. ಓದಿಗೆ ಬದಲಾಗಿ ನಿಲ್ಲತಕ್ಕದ್ದಲ್ಲ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಶೇಕಡಾ 13ರಷ್ಟು ಕುಸಿದು, ಎರಡು ದಿನಗಳಲ್ಲಿ ಲಾಕ್‌ಡೌನಿನಿಂದ ದೇಶದ ಬಹುಪಾಲು ಲಾರಿಗಳು ನಿಂತಲ್ಲಿಯೇ ನಿಂತಾಗ, ಸಾರಿಗೆಯ ಯಾವ ಕಂಪನಿಯ ವಿಷಯದಲ್ಲಿಯಾದರೂ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ನಿಂತ ಲಾರಿಯ ಕಂತನ್ನು ಕಟ್ಟುವ ಶಕ್ತಿ ಇದಕ್ಕೆ ಎಷ್ಟು ತಿಂಗಳು ಇದೆ?

ನನ್ನ ಪುಸ್ತಕದಲ್ಲಿ ಉತ್ತೀರ್ಣವಾದವನ್ನೂ ನಾನು ಒಮ್ಮೆಗೇ ಕೊಳ್ಳುವುದಿಲ್ಲ, ಹಲವು ಕಂತುಗಳಲ್ಲಿ ಕೊಳ್ಳುತ್ತೇನೆ. ತಳವು ಯಾವ ದಿನ ಬರುವುದೆಂಬುದನ್ನು ಬಲ್ಲವರು ಯಾರೂ ಇಲ್ಲ. ಬೆಲೆ ಇಳಿಯಿತೆಂಬ ಕಾರಣಕ್ಕೆ ಮಾರುವುದೂ ಇಲ್ಲ. ಮಾರುವುದು, ವರ್ಷಕ್ಕೊಮ್ಮೆ ಹಳೆಯ ಪುಟವನ್ನು ಹೊಸ ವರದಿಯೊಡನೆ ತಾಳೆ ನೋಡುವಾಗ ಸಾಲದ ಅಂಕಿಯು ಕಾರಣ ಕಾಣದೆ ಬೆಳೆದಿದ್ದರೆ, ಲಾಭ ತಗ್ಗಿದ ವರ್ಷದಲ್ಲಿಯೇ ನಿರ್ದೇಶಕರ ಸಂಭಾವನೆ ಏರಿದ್ದರೆ, ಅಥವಾ ಲೆಕ್ಕಪರಿಶೋಧಕರು ಅವಧಿ ಮುಗಿಯುವ ಮುನ್ನವೇ ರಾಜೀನಾಮೆಯಿತ್ತು ಹೋಗಿದ್ದರೆ. ಅಳಿಯನು ಕಳುಹಿಸಿದ ಹೆಸರುಗಳ ಉದ್ದನೆಯ ಯಾದಿಯಿಂದ, ಬರಿಯ ಸಾಲದ ಕಲಮನ್ನು ನೋಡಿದ ಮಾತ್ರಕ್ಕೆ ಅರ್ಧಕ್ಕೂ ಹೆಚ್ಚು ಹೊಡೆದುಹೋದವು. ಉಳಿದವುಗಳ ವರದಿಗಳನ್ನು ಅವನೇ ಓದಬೇಕೆಂದು ಹೇಳಿದ್ದೇನೆ. ಸದ್ಯಕ್ಕೆ ಅವನು ಒಂದರ ಟಿಪ್ಪಣಿಗಳಲ್ಲಿ ‘ಸಂಭಾವ್ಯ ಹೊಣೆಗಾರಿಕೆ’ ಎಂಬಲ್ಲಿಗೆ ಬಂದು ತೊಡಕಿಕೊಂಡು, ಅಂಗಸಂಸ್ಥೆಯ ಸಾಲಕ್ಕೆ ಕಂಪನಿಯು ಕೊಟ್ಟ ಜಾಮೀನನ್ನು ಸಾಲವೆಂದು ಎಣಿಸಬೇಕೋ ಬೇಡವೋ ಎಂದು ಕೇಳಿದ್ದಾನೆ. ಎಣಿಸಬೇಕೆಂದು ಉತ್ತರ ಬರೆದಿದ್ದೇನೆ.