ಕೀನ್ಯಾಕ್ಕೆ ಹೊರಟವರಿಗೆ ಒಂದಿಷ್ಟು ರಾಜಕೀಯ ಪಾಠ

ಕೀನ್ಯಾ ಅಂದ ಕೂಡಲೇ ನೆನಪಾಗೋದು ಮಸಾಯಿ ಮಾರಾ, ಸಿಂಹ, ಮ್ಯಾರಥಾನ್ ಓಟಗಾರರು. ಆದರೆ ನೈರೋಬಿಯಲ್ಲಿ ಇಳಿದು 'ಮಟಾಟು' ಎಂಬ ಖಾಸಗಿ ಮಿನಿಬಸ್ ಹತ್ತಿದರೆ ಇನ್ನೊಂದು ಪದವೂ ಕಿವಿಗೆ ಬೀಳುತ್ತೆ: 'ಸಿಯಾಸಾ'. ಸ್ವಾಹಿಲಿಯಲ್ಲಿ ರಾಜಕೀಯ ಅಂತ ಅರ್ಥ. ಉರ್ದುವಿನ 'ಸಿಯಾಸತ್'ಗೂ ಇದಕ್ಕೂ ಅರಬ್ಬಿ ಮೂಲ ಒಂದೇ.

ಆಳಿದವರು ಯಾರು?

1963ರ ಡಿಸೆಂಬರ್ 12ರಂದು ಕೀನ್ಯಾ ಬ್ರಿಟಿಷರಿಂದ ಸ್ವತಂತ್ರವಾಯಿತು. ಅಲ್ಲಿಂದೀಚೆಗೆ ಅಧ್ಯಕ್ಷರಾದವರು ಐದೇ ಮಂದಿ: ಜೋಮೊ ಕೆನ್ಯಾಟಾ, ಡೇನಿಯಲ್ ಅರಪ್ ಮೋಯ್, ಮ್ವಾಯ್ ಕಿಬಾಕಿ, ಜೋಮೊ ಅವರ ಮಗ ಉಹುರು ಕೆನ್ಯಾಟಾ, ವಿಲಿಯಂ ರೂಟೊ. 40ಕ್ಕೂ ಹೆಚ್ಚು ಸಮುದಾಯಗಳಿರುವ ದೇಶದಲ್ಲಿ ಇವರಲ್ಲಿ ಮೂವರು ಕಿಕುಯು, ಇಬ್ಬರು ಕಲೆಂಜಿನ್. ಲುವೊ ಸಮುದಾಯದ ರೈಲಾ ಒಡಿಂಗಾ ಐದು ಸಲ ಸ್ಪರ್ಧಿಸಿದರೂ ಅಧ್ಯಕ್ಷರಾಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಕೇರಳಕ್ಕೆ ಚಿಕಿತ್ಸೆಗೆ ಬಂದಿದ್ದಾಗ ತೀರಿಕೊಂಡರು.

ಪಕ್ಷಗಳ ಹೆಸರು ಬಾಯಿಪಾಠ ಮಾಡಿ ಪ್ರಯೋಜನ ಕಡಿಮೆ. ಚುನಾವಣೆಗೊಮ್ಮೆ ಹೊಸ ಮೈತ್ರಿ, ಹೊಸ ಹೆಸರು. 2013ರಲ್ಲಿ ಜೊತೆಯಾಗಿ ಗೆದ್ದವರು ಉಹುರು ಮತ್ತು ರೂಟೊ. 2022ರಲ್ಲಿ ಅದೇ ಉಹುರು ಬೆಂಬಲಿಸಿದ್ದು ರೂಟೊ ಎದುರಾಳಿ ರೈಲಾ ಅವರನ್ನು!

ಎಣಿಕೆಯೇ ರಾಜಕೀಯ

2007ರ ಡಿಸೆಂಬರ್‌ನಲ್ಲಿ ಮತ ಎಣಿಕೆ ಬಗ್ಗೆ ಅನುಮಾನ ಎದ್ದಿರುವಾಗಲೇ ಕಿಬಾಕಿ ಸಂಜೆಯ ಹೊತ್ತಲ್ಲಿ ಪ್ರಮಾಣವಚನ ತೆಗೆದುಕೊಂಡರು. ನಂತರದ ಗಲಭೆಯಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟರು. ಕೋಫಿ ಅನ್ನಾನ್ ಸಂಧಾನದಿಂದ ರೈಲಾ ಪ್ರಧಾನಿಯಾಗಿ ಜಂಟಿ ಸರ್ಕಾರ ಬಂತು.

ಆ ಗಾಯದಿಂದ ಹುಟ್ಟಿದ್ದು 2010ರ ಸಂವಿಧಾನ. ಅಧಿಕಾರ 47 ಕೌಂಟಿಗಳಿಗೆ ಹಂಚಿಹೋಯಿತು. ಅಧ್ಯಕ್ಷರಾಗಲು ಒಟ್ಟು ಮತದ ಅರ್ಧಕ್ಕಿಂತ ಹೆಚ್ಚು ಬೇಕು. ಜೊತೆಗೆ ಕನಿಷ್ಠ 24 ಕೌಂಟಿಗಳಲ್ಲಿ ತಲಾ ಶೇ. 25 ಮತ ಬೇಕು. ಅಂದರೆ ಬರೀ ತಮ್ಮವರ ಓಟು ನೆಚ್ಚಿಕೊಂಡರೆ ಸಾಲದು.

ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಮನಿಸಬೇಕಾದ್ದು '34ಎ' ಎಂಬ ನಮೂನೆ. ಪ್ರತಿ ಮತಗಟ್ಟೆಯ ಫಲಿತಾಂಶ ಬರೆಯೋದು ಅದರಲ್ಲೇ. 2017ರಲ್ಲಿ ಫಲಿತಾಂಶ ರವಾನೆ ಬಗ್ಗೆ ತಕರಾರು ಎದ್ದಾಗ ಚುನಾವಣಾ ಆಯೋಗದ ಸರ್ವರ್ ನೋಡಲು ಅವಕಾಶ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆಯೋಗ ಪೂರ್ತಿ ಕೊಡಲಿಲ್ಲ. ಕೋರ್ಟ್ ಅಧ್ಯಕ್ಷರ ಚುನಾವಣೆಯನ್ನೇ ರದ್ದು ಮಾಡಿತು. ಆಫ್ರಿಕಾದಲ್ಲಿ ಅದೇ ಮೊದಲು.

2022ರಲ್ಲಿ 46,000ಕ್ಕೂ ಹೆಚ್ಚು ಮತಗಟ್ಟೆಗಳ 34ಎ ನಮೂನೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಕಾಣುವಂತೆ ಆನ್‌ಲೈನ್‌ನಲ್ಲಿ ಹಾಕಿದರು. ಯಾರು ಬೇಕಾದರೂ ಕೂಡಿ ನೋಡಬಹುದಿತ್ತು. ಆದರೂ ಏಳು ಆಯುಕ್ತರಲ್ಲಿ ನಾಲ್ವರು ಫಲಿತಾಂಶ ಒಪ್ಪಲಿಲ್ಲ. ಕೊನೆಗೆ ಕೋರ್ಟ್ ಎತ್ತಿಹಿಡಿಯಿತು. ಡೇಟಾ ತೆರೆದಿಟ್ಟರೆ ಲೆಕ್ಕ ಪರೀಕ್ಷಿಸಬಹುದು. ನಂಬಿಕೆ ಬರೋಕೆ ಅದರ ಜೊತೆ ಧೈರ್ಯ ಇರುವ ಸಂಸ್ಥೆಗಳೂ ಬೇಕು.

ಹೊಸ ತಲೆಮಾರು

2024ರ ಜೂನ್‌ನಲ್ಲಿ ತೆರಿಗೆ ಹೆಚ್ಚಿಸುವ ಹಣಕಾಸು ಮಸೂದೆ ವಿರುದ್ಧ ಬೀದಿಗಿಳಿದವರು ಹೆಚ್ಚಾಗಿ ನಮ್ಮ ವಯಸ್ಸಿನವರೇ. ನಮಗೆ ನಾಯಕರೂ ಇಲ್ಲ, ಬುಡಕಟ್ಟೂ ಇಲ್ಲ ಅನ್ನೋದು ಅವರ ನಿಲುವು. ಜೂನ್ 25ರಂದು ಸಂಸತ್ತಿಗೇ ನುಗ್ಗಿದರು. ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಮರುದಿನವೇ ರೂಟೊ ಮಸೂದೆಗೆ ಸಹಿ ಹಾಕೋದಿಲ್ಲ ಎಂದರು. ಹಳೇ ಸಮುದಾಯದ ಲೆಕ್ಕಾಚಾರ ಇದರಿಂದ ಅಳಿಸಿಹೋಯಿತು ಅನ್ನೋ ಹಾಗಿಲ್ಲ, ಆದರೆ ಅದೊಂದೇ ಲೆಕ್ಕ ಅನ್ನೋ ಕಾಲ ಹೋಯಿತು.

ಹೋದಾಗ ನೆನಪಿರಲಿ

• 'ನೀವು ಯಾವ ಬುಡಕಟ್ಟು?' ಅಂತ ಮೊದಲ ಭೇಟಿಯಲ್ಲೇ ಕೇಳಬೇಡಿ. 'ನಿಮ್ಮ ಊರು ಯಾವುದು?' ಸಾಕು.
• ಹಿರಿಯ ಗಂಡಸರನ್ನು 'ಮ್ಝೇ' ಎಂದು ಗೌರವದಿಂದ ಕರೆಯಿರಿ.
• ಮೆರವಣಿಗೆ, ಪ್ರತಿಭಟನೆ ಕಂಡರೆ ದೂರವಿರಿ. ಪೊಲೀಸರ ಫೋಟೋ ತೆಗೆಯಬೇಡಿ.
• 2017ರಲ್ಲಿ ಸರ್ಕಾರ ಏಷ್ಯಾ ಮೂಲದ ಕೀನ್ಯನ್ನರನ್ನು ದೇಶದ 44ನೇ ಬುಡಕಟ್ಟು ಎಂದು ಘೋಷಿಸಿತು. ಹಾಗಾಗಿ ನಮ್ಮ ಮುಖಚಹರೆಯವರೆಲ್ಲ ಅಲ್ಲಿ ಪ್ರವಾಸಿಗಳೇ ಅಂದುಕೊಳ್ಳಬೇಡಿ.
• ಮುಂದಿನ ಚುನಾವಣೆ 2027ರ ಆಗಸ್ಟ್ ಎರಡನೇ ಮಂಗಳವಾರ. ಟಿಕೆಟ್ ಬುಕ್ ಮಾಡೋ ಮುಂಚೆ ಕ್ಯಾಲೆಂಡರ್ ನೋಡಿ.