ಕಾರಿನ ಪೆನ್‌ಡ್ರೈವ್: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ



ಇಂದು ನಮ್ಮ ಊರಿನ ಬಹುತೇಕ ಕಾರು, ಕ್ಯಾಬ್‌ಗಳಲ್ಲಿ ಪೆನ್‌ಡ್ರೈವ್ ಹಾಕುವ ಸ್ಟೀರಿಯೊ ಇದೆ. ಹಾಡು, ಖವ್ವಾಲಿ, ಭಾಷಣ, ಮನೆಯವರ ಧ್ವನಿ ಎಲ್ಲವನ್ನೂ ಅದರಲ್ಲಿ ತುಂಬಿಕೊಂಡು ತಿರುಗುತ್ತೇವೆ. ಆದರೆ ಕೊಳ್ಳುವಾಗ "ಎಷ್ಟು ಜಿಬಿ? ಎಷ್ಟು ರೂಪಾಯಿ?" ಎಂಬ ಎರಡೇ ಪ್ರಶ್ನೆ ಕೇಳುತ್ತೇವೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಾದ ನಾವು ಇನ್ನೂ ಕೆಲವು ಪ್ರಶ್ನೆ ಕೇಳಬೇಕು. ಅವು ಯಾವುವು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

1. ಪೆನ್‌ಡ್ರೈವ್ ಒಳಗೆ ಏನಿದೆ?

ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್ ಎರಡರಲ್ಲೂ ಇರುವುದು ಫ್ಲ್ಯಾಶ್ ಮೆಮೊರಿ. ಜಪಾನಿನ ತೋಷಿಬಾ ಕಂಪನಿಯ ಇಂಜಿನಿಯರ್ ಫುಜಿಯೋ ಮಸುವೋಕಾ 1980ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಪೆನ್‌ಡ್ರೈವ್‌ಗಳು ಮಾರುಕಟ್ಟೆಗೆ ಬಂದದ್ದು 2000ನೇ ಇಸವಿಯಲ್ಲಿ.

ಫ್ಲ್ಯಾಶ್ ಮೆಮೊರಿಯಲ್ಲಿ ತಿರುಗುವ ಭಾಗ ಯಾವುದೂ ಇಲ್ಲ. ಅತಿ ಸಣ್ಣ ಕೋಶಗಳಲ್ಲಿ ವಿದ್ಯುತ್ ಆವೇಶ ಹಿಡಿದಿಟ್ಟು ಮಾಹಿತಿಯನ್ನು ಉಳಿಸಲಾಗುತ್ತದೆ. ಆದ್ದರಿಂದ ರಸ್ತೆಯ ಗುಂಡಿಗೆ ಕಾರು ಕುಲುಕಿದರೂ ಹಾಡು ನಿಲ್ಲುವುದಿಲ್ಲ. ಹಳೆಯ ಮಾದರಿಯ ಹಾರ್ಡ್ ಡಿಸ್ಕ್ ಹಾಗಲ್ಲ. ಅದರೊಳಗೆ ತಟ್ಟೆ ತಿರುಗುತ್ತದೆ, ಕರೆಂಟ್ ಕೂಡ ಹೆಚ್ಚು ಬೇಕು. ಕಾರಿನ ಸ್ಟೀರಿಯೊಗೆ ಅದು ಹೊಂದುವುದಿಲ್ಲ.

ಫ್ಲ್ಯಾಶ್ ಮೆಮೊರಿ ಹಾಡು ನುಡಿಸುವುದರಿಂದ ಸವೆಯುವುದಿಲ್ಲ, ಮತ್ತೆ ಮತ್ತೆ ಅಳಿಸಿ ಬರೆಯುವುದರಿಂದ ಸವೆಯುತ್ತದೆ. ಕಾರಿನಲ್ಲಿ ನಾವು ಹೆಚ್ಚಾಗಿ ಕೇಳುವುದಷ್ಟೇ. ಹೀಗಾಗಿ ಒಳ್ಳೆಯ ಪೆನ್‌ಡ್ರೈವ್ ವರ್ಷಗಟ್ಟಲೆ ಬರಬೇಕು. ಬಾರದಿದ್ದರೆ ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣ: ಬಿಸಿಲು ಅಥವಾ ನಕಲಿ ಮಾಲು.

2. ಎಷ್ಟು ಜಿಬಿ ಸಾಕು?

320 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಹಾಡಿಗೆ ನಿಮಿಷಕ್ಕೆ 2.4 ಎಂಬಿ ಬೇಕು. 128 ಕೆಬಿಪಿಎಸ್ ಆದರೆ ನಿಮಿಷಕ್ಕೆ ಸುಮಾರು 1 ಎಂಬಿ. 32 ಜಿಬಿ ಎಂದರೆ 32,000 ಎಂಬಿ.

32,000 ÷ 2.4 = 13,333 ನಿಮಿಷ, ಅಂದರೆ ಸುಮಾರು 222 ಗಂಟೆ.

ದಿನಕ್ಕೆ ಎರಡು ಗಂಟೆ ಕೇಳಿದರೂ ಒಂದೇ ಹಾಡು ಎರಡನೇ ಸಲ ಬರಲು 111 ದಿನ ಬೇಕು. ಬರೀ ಹಾಡು ಕೇಳುವವರಿಗೆ 32 ಜಿಬಿ ಧಾರಾಳ. ಇದಕ್ಕಿಂತ ದೊಡ್ಡದು ಕೊಳ್ಳುವುದು ಬಳಸದ ಸಾಮರ್ಥ್ಯಕ್ಕೆ ಹಣ ಕಟ್ಟಿದಂತೆ.

ಕಂಪ್ಯೂಟರ್‌ಗೆ ಹಾಕಿದಾಗ 32 ಜಿಬಿ ಬದಲು ಸುಮಾರು 29.8 ಎಂದು ತೋರಿಸುತ್ತದೆ. ಇದು ಮೋಸವಲ್ಲ. ಕಂಪನಿ 1 ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತದೆ, ವಿಂಡೋಸ್ 1024ರ ಗುಣಾಕಾರದಲ್ಲಿ ಎಣಿಸುತ್ತದೆ.

3. ಸ್ಟೀರಿಯೊ ಓದುತ್ತದೆಯೇ?

ಪೆನ್‌ಡ್ರೈವ್ ಚೆನ್ನಾಗಿದ್ದರೂ ಕಾರಿನಲ್ಲಿ "ನೋ ಫೈಲ್" ಎಂದು ಬರುವುದುಂಟು. ಇದಕ್ಕೆ ಹೆಚ್ಚಾಗಿ ಫಾರ್ಮ್ಯಾಟ್ ಕಾರಣ. ಅನೇಕ ಸ್ಟೀರಿಯೊಗಳು ಫ್ಯಾಟ್32 ಎಂಬ ಫಾರ್ಮ್ಯಾಟನ್ನು ಮಾತ್ರ ಓದುತ್ತವೆ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಮೆಮೊರಿ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಎಂಬ ಬೇರೆ ಫಾರ್ಮ್ಯಾಟಿನಲ್ಲಿ ಬರುತ್ತವೆ. ಹಳೆಯ ಸ್ಟೀರಿಯೊಗೆ ಅದು ಅರ್ಥವಾಗುವುದಿಲ್ಲ. 32 ಜಿಬಿ ಸಾಕು ಎನ್ನಲು ಇದು ಎರಡನೇ ಕಾರಣ.

ಇನ್ನೂ ನಾಲ್ಕು ವಿಷಯ ಗಮನದಲ್ಲಿರಲಿ:

- ಕಾರಿನ ಎಲ್ಲ ಯುಎಸ್‌ಬಿ ಪೋರ್ಟ್‌ಗಳೂ ಹಾಡು ಓದುವುದಿಲ್ಲ. ಕೆಲವು ಮೊಬೈಲ್ ಚಾರ್ಜಿಂಗ್‌ಗೆ ಮಾತ್ರ.
- ಎಂಪಿ3 ಎಲ್ಲ ಕಡೆ ನಡೆಯುತ್ತದೆ. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್‌ಗಳು ಓಪಸ್ ಎಂಬ ರೂಪದಲ್ಲಿರುತ್ತವೆ. ಬಹಳಷ್ಟು ಸ್ಟೀರಿಯೊಗಳು ಅದನ್ನು ನುಡಿಸುವುದಿಲ್ಲ. ಉಚಿತವಾಗಿ ಸಿಗುವ ವಿಎಲ್‌ಸಿ ಅಥವಾ ಆಡಾಸಿಟಿ ಬಳಸಿ ಎಂಪಿ3 ಮಾಡಿಕೊಳ್ಳಬಹುದು.
- ಕನ್ನಡ ಅಥವಾ ಉರ್ದು ಅಕ್ಷರದಲ್ಲಿ ಹೆಸರಿಟ್ಟರೆ ಹಲವು ಸ್ಟೀರಿಯೊಗಳ ಪರದೆಯಲ್ಲಿ ಬರೀ ಚೌಕಗಳು ಕಾಣುತ್ತವೆ. ಇಂಗ್ಲಿಷ್ ಅಕ್ಷರ ಬಳಸಿ, ಮೊದಲಿಗೆ 001, 002 ಎಂದು ಅಂಕಿ ಹಾಕಿ, ಅದೇ ಕ್ರಮದಲ್ಲಿ ಕಾಪಿ ಮಾಡಿ.
- ಹೊರಗೆ ಉದ್ದಕ್ಕೆ ಚಾಚಿಕೊಳ್ಳದ ಗಿಡ್ಡ ಪೆನ್‌ಡ್ರೈವ್ ಆರಿಸಿ. ಕೈ ಅಥವಾ ಮೊಣಕಾಲು ತಾಗಿ ಬಾಗಿದರೆ ಪೋರ್ಟ್ ಕೂಡ ಹಾಳಾಗುತ್ತದೆ.

4. ನಮ್ಮ ಬಿಸಿಲು

ನಮ್ಮ ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಅಂಥ ದಿನ ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಒಂದೇ ಗಂಟೆಯಲ್ಲಿ 65 ಡಿಗ್ರಿಗಿಂತ ಹೆಚ್ಚು ಕಾಯಬಹುದು. ಸಾಮಾನ್ಯ ಪೆನ್‌ಡ್ರೈವ್‌ಗಳನ್ನು ಕೆಲವು ಕಂಪನಿಗಳು 45 ಡಿಗ್ರಿವರೆಗೆ, ಕೆಲವು 60 ಡಿಗ್ರಿವರೆಗೆ ಕೆಲಸ ಮಾಡಲು ತಯಾರಿಸಿರುತ್ತವೆ. ಶಾಖ ಹೆಚ್ಚಾದಷ್ಟೂ ಕೋಶಗಳಲ್ಲಿರುವ ಆವೇಶ ಬೇಗ ಸೋರುತ್ತದೆ.

ಆದ್ದರಿಂದ ಕೊಳ್ಳುವಾಗ ತಾಪಮಾನದ ಮಿತಿಯನ್ನೂ ನೋಡಿ. ಮಧ್ಯಾಹ್ನ ಕಾರು ನಿಲ್ಲಿಸಿ ಹೋಗುವಾಗ ಪೆನ್‌ಡ್ರೈವ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

5. ಅಗ್ಗದ ಮಾಲಿನ ನಿಜವಾದ ಬೆಲೆ

ನನ್ನ ಮಾಮು ಕ್ಯಾಬ್ ಓಡಿಸುತ್ತಾರೆ. ಹೈದರಾಬಾದಿಗೆ ರಾತ್ರಿ ಬಾಡಿಗೆ ಹೋಗುವಾಗ ನಿದ್ದೆ ಬಾರದಿರಲಿ ಎಂದು ಏನಾದರೂ ಕೇಳುತ್ತಾ ಹೋಗುವುದು ಅವರ ರೂಢಿ. ರಸ್ತೆ ಬದಿಯಲ್ಲಿ ಅವರಿಗೆ 512 ಜಿಬಿ ಎಂದು ಬರೆದ ಪೆನ್‌ಡ್ರೈವ್ 350 ರೂಪಾಯಿಗೆ ಸಿಕ್ಕಿತು. ಬಿಲ್ ಇರಲಿಲ್ಲ. ಕಂಪ್ಯೂಟರಿನಲ್ಲಿಯೂ 512 ಎಂದೇ ತೋರಿಸಿತು. ಎಲ್ಲ ಹಾಡು ತುಂಬಿ, ಕೊನೆಯಲ್ಲಿ ನಮ್ಮ ನಾನಿ ಹೇಳಿದ ಕಥೆಗಳ ರೆಕಾರ್ಡಿಂಗ್ ಕೂಡ ಹಾಕಿದರು. ಮೊಬೈಲ್‌ನಲ್ಲಿ ಜಾಗ ಬೇಕೆಂದು ಅಲ್ಲಿಂದ ಅಳಿಸಿದರು. ಕಾರಿನಲ್ಲಿ ಹಾಕಿದಾಗ ಮೊದಲಿನ ಹಾಡುಗಳು ಬಂದವು. ನಾನಿಯ ಕಥೆಗಳ ಹೆಸರು ಪರದೆಯ ಮೇಲೆ ಕಾಣುತ್ತಿತ್ತು, ಧ್ವನಿ ಮಾತ್ರ ಬರಲಿಲ್ಲ. ಪರೀಕ್ಷಿಸಿದಾಗ ಒಳಗೆ ನಿಜವಾಗಿ ಇದ್ದದ್ದು 8 ಜಿಬಿ.

ಇದು ಹೇಗೆ ಸಾಧ್ಯ? ಪೆನ್‌ಡ್ರೈವ್ ಒಳಗೆ ಮೆಮೊರಿಯ ಜೊತೆ ಕಂಟ್ರೋಲರ್ ಎಂಬ ಚಿಪ್ ಇರುತ್ತದೆ. ತನ್ನ ಸಾಮರ್ಥ್ಯ ಎಷ್ಟೆಂದು ಕಂಪ್ಯೂಟರ್‌ಗೆ ಹೇಳುವುದು ಅದೇ. ನಕಲಿ ಮಾಲಿನಲ್ಲಿ ಈ ಚಿಪ್‌ಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಹಾಕಿದ್ದೆಲ್ಲ ಕಳೆದುಹೋಗುತ್ತದೆ ಅಥವಾ ಹಳೆಯದರ ಮೇಲೆ ಬರೆದುಕೊಳ್ಳುತ್ತದೆ. ಫೈಲಿನ ಹೆಸರು ಮಾತ್ರ ಉಳಿಯುತ್ತದೆ.

ಈಗ ಲೆಕ್ಕ ಹಾಕೋಣ. ಅದೇ ವಾರ ಅಂಗಡಿಯೊಂದರಲ್ಲಿ ಬಿಲ್ ಮತ್ತು 5 ವರ್ಷದ ಖಾತರಿ ಸಮೇತ 32 ಜಿಬಿ ಪೆನ್‌ಡ್ರೈವ್ 400 ರೂಪಾಯಿ ಇತ್ತು.

ಅಂಗಡಿಯದು: 400 ÷ 32 = ಜಿಬಿಗೆ 12.50 ರೂ.
ರಸ್ತೆ ಬದಿಯದು, ಹೇಳಿದಂತೆ: 350 ÷ 512 = ಜಿಬಿಗೆ 0.68 ರೂ.
ರಸ್ತೆ ಬದಿಯದು, ನಿಜವಾಗಿ: 350 ÷ 8 = ಜಿಬಿಗೆ 43.75 ರೂ.

ಅಗ್ಗವೆಂದು ತಂದದ್ದು ಮೂರೂವರೆ ಪಟ್ಟು ದುಬಾರಿ ಆಯಿತು. ಬೆಲೆ ಇಷ್ಟು ಕೆಳಗಿದ್ದರೆ ಅದನ್ನು ರಿಯಾಯಿತಿ ಎನ್ನಬಾರದು, ಎಚ್ಚರಿಕೆ ಎನ್ನಬೇಕು. ನಾನಿಯ ಧ್ವನಿಯನ್ನು ಯಾವ ಕಲಂನಲ್ಲಿ ಬರೆಯಬೇಕೋ ನನಗೆ ತಿಳಿಯಲಿಲ್ಲ. ನಾನಿ ಈಗ ಇಲ್ಲ.

6. ಪರೀಕ್ಷಿಸುವ ವಿಧಾನ

ಹೊಸ ಪೆನ್‌ಡ್ರೈವ್ ಖಾಲಿ ಇರುವಾಗಲೇ ಪರೀಕ್ಷಿಸಬೇಕು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ಸಾಫ್ಟ್‌ವೇರ್‌ಗಳಿವೆ. ಅವು ಇಡೀ ಜಾಗವನ್ನು ತುಂಬಿ, ಮತ್ತೆ ಓದಿ, ಬರೆದದ್ದೂ ಓದಿದ್ದೂ ಒಂದೇ ಇದೆಯೇ ಎಂದು ತಾಳೆ ನೋಡುತ್ತವೆ. ನಾವು ಲೆಕ್ಕಪತ್ರದಲ್ಲಿ ತಾಳೆಪಟ್ಟಿ ಮಾಡಿದ ಹಾಗೆಯೇ. ಸೆಕೆಂಡಿಗೆ 10 ಎಂಬಿಯಂತೆ ಬರೆದರೆ 32 ಜಿಬಿ ತುಂಬಲು ಸುಮಾರು 53 ನಿಮಿಷ ಬೇಕು, ಆಮೇಲೆ ಓದುವ ಸಮಯ ಬೇರೆ. ಕಂಪ್ಯೂಟರ್ ಇಲ್ಲದವರು ಇರುವ ಸ್ನೇಹಿತರನ್ನು ಕೇಳಿಕೊಳ್ಳಬಹುದು.

7. ಬಿಲ್ ಏಕೆ ಬೇಕು?

ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆಯ ಪಾಠ ಓದುತ್ತೇವೆ. 1986ರ ಕಾಯ್ದೆಯ ಬದಲಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ನಮಗೆ ಮಾಹಿತಿ ಪಡೆಯುವ ಹಕ್ಕು, ಪರಿಹಾರ ಕೇಳುವ ಹಕ್ಕು ಕೊಟ್ಟಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಆದರೆ ಕೊಂಡಿದ್ದಕ್ಕೆ ಸಾಕ್ಷಿಯೇ ಇಲ್ಲದಿದ್ದರೆ ಯಾರ ಮೇಲೆ ದೂರು ಕೊಡುವುದು? ಆದ್ದರಿಂದ ನೂರು ರೂಪಾಯಿ ವಸ್ತುವಿಗೂ ಬಿಲ್ ಕೇಳಿ.

ಇನ್ನೊಂದು ಮುಖ್ಯ ಮಾತು. ಖಾತರಿ ಇದ್ದರೆ ಕಂಪನಿ ಹೊಸ ಪೆನ್‌ಡ್ರೈವ್ ಕೊಡುತ್ತದೆ. ಒಳಗಿದ್ದದ್ದನ್ನು ಕೊಡುವುದಿಲ್ಲ. ಎಷ್ಟೇ ಒಳ್ಳೆಯ ಕಂಪನಿಯದಾದರೂ ಒಂದು ದಿನ ಕೆಡಬಹುದು, ಕಳೆದುಹೋಗಬಹುದು. ಕಾರಿನ ಪೆನ್‌ಡ್ರೈವ್ ಇರುವುದು ಕೇಳುವುದಕ್ಕೆ, ಕಾಪಾಡಿ ಇಡುವುದಕ್ಕಲ್ಲ. ಕಾರಿನಲ್ಲಿರುವುದು ಯಾವಾಗಲೂ ನಕಲು ಪ್ರತಿ ಆಗಿರಲಿ. ಮೂಲ ಪ್ರತಿ ಮನೆಯ ಕಂಪ್ಯೂಟರಿನಲ್ಲೋ ಮೊಬೈಲ್‌ನಲ್ಲೋ ಇರಲಿ, ಮತ್ತೊಂದು ಪ್ರತಿ ಬೇರೆ ಕಡೆ ಇರಲಿ.

ನೆನಪಿಡಿ

- 32 ಜಿಬಿ, ಫ್ಯಾಟ್32, ಎಂಪಿ3: ಈ ಮೂರು ಹೆಚ್ಚಿನ ಕಾರುಗಳಿಗೆ ಹೊಂದುತ್ತವೆ.
- ಬಿಲ್, ಖಾತರಿ, ತಾಪಮಾನ ನೋಡಿ ಕೊಳ್ಳಿ.
- ಮೊದಲು ಪರೀಕ್ಷೆ, ಆಮೇಲೆ ಹಾಡು.
- ಎರಡು ಪ್ರತಿ ಇರುವುದನ್ನು ಖಚಿತಪಡಿಸಿಕೊಳ್ಳದೆ ಮೊಬೈಲ್‌ನಿಂದ ಏನನ್ನೂ ಅಳಿಸಬೇಡಿ.

ಅಭ್ಯಾಸಕ್ಕೆ

1. 16 ಜಿಬಿ ಪೆನ್‌ಡ್ರೈವ್‌ನಲ್ಲಿ ನಿಮಿಷಕ್ಕೆ 2 ಎಂಬಿಯಂತೆ ಎಷ್ಟು ಹೊತ್ತಿನ ಹಾಡು ಹಿಡಿಯುತ್ತದೆ? (ಉತ್ತರ: 133 ಗಂಟೆ 20 ನಿಮಿಷ)
2. 1,000 ಜಿಬಿ ಎಂದು ಹೇಳಿ 600 ರೂಪಾಯಿಗೆ ಮಾರಿದ ಪೆನ್‌ಡ್ರೈವ್‌ನಲ್ಲಿ ನಿಜವಾಗಿ 16 ಜಿಬಿ ಇದ್ದರೆ ಜಿಬಿಗೆ ನಿಜವಾದ ಬೆಲೆ ಎಷ್ಟು? (ಉತ್ತರ: 37.50 ರೂ.)
3. ನಿಮ್ಮ ಮನೆಯ ಮೊಬೈಲ್ ಅಥವಾ ಕಾರಿನ ಪೆನ್‌ಡ್ರೈವ್‌ನಲ್ಲಿ ಬೇರೆಲ್ಲೂ ಪ್ರತಿ ಇಲ್ಲದ ಧ್ವನಿ ಯಾರದು? ಇದಕ್ಕೆ ಉತ್ತರ ಇಲ್ಲಿ ಕೊಟ್ಟಿಲ್ಲ. ಇಂದು ಸಂಜೆ ಮನೆಗೆ ಹೋದ ಮೇಲೆ ನೋಡಿ.